ಗಡ್ಡೆ ಒಂದೆಡೆ, ಲಕ್ಷಣ ಇನ್ನೊಂದೆಡೆ

ಸಂಸಾರದ ಸುಖಕ್ಕೆ ಪತಿಪತ್ನಿಯರ ಆರೋಗ್ಯವೇ ತಳಹದಿ. ಇಬ್ಬರಲ್ಲಿ ಒಬ್ಬರು ಹಾಸಿಗೆ ಹಿಡಿದರೂ ಹೊಲದ ಕೆಲಸ, ಮನೆಯ ಕೆಲಸ, ಮಕ್ಕಳ ಪಾಲನೆ ಎಲ್ಲವೂ ಅಸ್ತವ್ಯಸ್ತವಾಗುತ್ತವೆ. ಆದುದರಿಂದ ರೋಗವು ಬಲಿಯುವ ಮೊದಲೇ ಅದರ ಸುಳಿವನ್ನು ಅರಿತುಕೊಳ್ಳುವುದು ದಂಪತಿಗಳಿಬ್ಬರ ಕರ್ತವ್ಯವಾಗಿದೆ.

ಕ್ಯಾನ್ಸರ್ ಅಥವಾ ಅರ್ಬುದ ರೋಗದ ಸಾಮಾನ್ಯ ಸೂಚನೆಗಳನ್ನು ನೀವು ಈಗಾಗಲೇ ಕೇಳಿರಬಹುದು. ಸ್ತನದಲ್ಲಿ ಗಂಟು, ಬಾಯಿಯಲ್ಲಿ ಮಾಯದ ಹುಣ್ಣು, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತಸ್ರಾವ, ಕೆಮ್ಮಿದಾಗ ಕಫದಲ್ಲಿ ರಕ್ತ, ಅನ್ನ ನುಂಗಲು ತೊಂದರೆ ಇವು ಅಂತಹ ಸೂಚನೆಗಳು. ಇವೆಲ್ಲವೂ ಗಡ್ಡೆ ಇರುವ ಸ್ಥಳದಲ್ಲಿಯೇ ಕಾಣಿಸಿಕೊಳ್ಳುತ್ತವೆ. ಆದರೆ ಕೆಲವು ಸಂದರ್ಭಗಳಲ್ಲಿ ಗಡ್ಡೆಯು ಶರೀರದ ಒಂದು ಮೂಲೆಯಲ್ಲಿ ಮರೆಯಾಗಿದ್ದು, ಅದರ ಲಕ್ಷಣವು ಬೇರೊಂದು ಕಡೆ ತೋರುತ್ತದೆ. ರೋಗವು ಶ್ವಾಸಕೋಶದಲ್ಲಿದ್ದರೆ ದೌರ್ಬಲ್ಯವು ತೊಡೆಯಲ್ಲಿ ಕಾಣಬಹುದು. ಗಡ್ಡೆಯು ಅಂಡಾಶಯದಲ್ಲಿದ್ದರೆ ನಡಿಗೆಯು ತಡವರಿಸಬಹುದು. ಗಡ್ಡೆಯು ಒತ್ತಿದ್ದರಿಂದಾಗಲಿ, ಅಲ್ಲಿಗೆ ಹರಡಿದ್ದರಿಂದಾಗಲಿ ಹೀಗಾಗುವುದಿಲ್ಲ. ವೈದ್ಯರು ಇಂತಹ ಲಕ್ಷಣಗಳಿಗೆ ಪ್ಯಾರಾನಿಯೋಪ್ಲಾಸ್ಟಿಕ್ ಸಿಂಡ್ರೋಮ್ ಎಂಬ ಹೆಸರನ್ನು ಕೊಟ್ಟಿದ್ದಾರೆ. ನಾವು ಇವುಗಳನ್ನು ಕ್ಯಾನ್ಸರಿನ ಪರೋಕ್ಷ ಲಕ್ಷಣಗಳು ಎಂದು ಕರೆಯೋಣ.

ಕ್ಯಾನ್ಸರ್ ತಗುಲಿದ ನೂರು ಮಂದಿಯಲ್ಲಿ ಎಂಟು ಮಂದಿಯವರೆಗೆ ಇಂತಹ ಲಕ್ಷಣಗಳು ಕಂಡುಬರಬಹುದೆಂದು ಅಂದಾಜು ಮಾಡಲಾಗಿದೆ. ಸಂಖ್ಯೆ ಚಿಕ್ಕದಾದರೂ ವಿಷಯವು ಮಹತ್ವದ್ದು. ಏಕೆಂದರೆ ಅನೇಕ ವೇಳೆ ಈ ಲಕ್ಷಣವೇ ಮೊದಲು ಬರುತ್ತದೆ. ಗಡ್ಡೆಯು ಪತ್ತೆಯಾಗುವುದು ತಿಂಗಳುಗಳ ಅನಂತರ. ಆ ತಿಂಗಳುಗಳನ್ನು ವಾತದ ಎಣ್ಣೆ, ಶಕ್ತಿಯ ಟಾನಿಕ್ಕು, ತಾಯಿತಗಳಲ್ಲಿ ಕಳೆದರೆ ರೋಗವನ್ನು ಗುಣಪಡಿಸುವ ಅವಕಾಶವೂ ಅವುಗಳೊಂದಿಗೆ ಕಳೆದುಹೋಗುತ್ತದೆ.

ಹೀಗಾಗಲು ಕಾರಣವೇನು?

ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಹಳ್ಳಿಯ ಜೀವನದಿಂದಲೇ ಎರಡು ಹೋಲಿಕೆಗಳನ್ನು ತೆಗೆದುಕೊಂಡರೆ ಇವು ಸುಲಭವಾಗಿ ಅರ್ಥವಾಗುತ್ತವೆ.

ಊರಿನ ಕೆರೆಯ ತೂಬನ್ನು ಎತ್ತುವ ಅಧಿಕಾರ ನೀರುಗಂಟಿಗೆ ಮಾತ್ರ ಇರುತ್ತದೆ. ಯಾವ ಗದ್ದೆಗೆ ಎಷ್ಟು ನೀರು ಎಂಬುದು ಅವನಿಗೆ ಗೊತ್ತು. ಯಾರೋ ಒಬ್ಬನು ರಾತ್ರಿ ಬಂದು ತೂಬನ್ನು ಎತ್ತಿಬಿಟ್ಟರೆ ಕೆರೆಯ ಬಳಿ ಏನೂ ಕಾಣದಿದ್ದರೂ ದೂರದ ಗದ್ದೆಯ ಪೈರು ಕೊಳೆಯುತ್ತದೆ. ನಮ್ಮ ಶರೀರದಲ್ಲಿ ನೀರು, ಉಪ್ಪು, ಸುಣ್ಣ, ಸಕ್ಕರೆ ಇವುಗಳ ಪ್ರಮಾಣವನ್ನು ಹಾರ್ಮೋನುಗಳೆಂಬ ರಸಗಳು ಹತೋಟಿಯಲ್ಲಿಡುತ್ತವೆ. ಕೆಲವು ಕ್ಯಾನ್ಸರ್ ಗಡ್ಡೆಗಳು ಇಂತಹ ರಸಗಳನ್ನು ತಾವೇ ತಯಾರಿಸಿ, ಅಳತೆಯಿಲ್ಲದೆ ರಕ್ತಕ್ಕೆ ಬಿಡುತ್ತವೆ. ಆಗ ದೂರದ ಅಂಗಗಳು ಕೆಡುತ್ತವೆ.

ಎರಡನೆಯ ಕಾರಣವು ನಮ್ಮ ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ್ದು. ಕಳ್ಳನನ್ನು ಅಟ್ಟಿಸಿಕೊಂಡು ಹೋದ ಕಾವಲುಗಾರರು, ಅದೇ ಬಣ್ಣದ ಅಂಗಿ ತೊಟ್ಟಿದ್ದಾನೆಂಬ ಕಾರಣಕ್ಕೆ ನಿರಪರಾಧಿಯಾದ ಗೃಹಸ್ಥನನ್ನು ಹಿಡಿದು ಹೊಡೆದರೆ ಹೇಗೋ, ಇದೂ ಹಾಗೆಯೇ. ಗಡ್ಡೆಯ ಜೀವಕಣಗಳ ಮೇಲಿರುವ ಕೆಲವು ಪದಾರ್ಥಗಳು ನಮ್ಮ ನರಗಳಲ್ಲಿಯೂ ಇರುತ್ತವೆ. ಗಡ್ಡೆಯನ್ನು ನಾಶಪಡಿಸಲೆಂದು ಶರೀರವು ತಯಾರಿಸಿದ ಪ್ರತಿಕಾಯಗಳು ಮತ್ತು ರಕ್ಷಕ ಕಣಗಳು ಹೋಲಿಕೆಯಿಂದ ಮೋಸಹೋಗಿ ಆರೋಗ್ಯವಾಗಿರುವ ನರಗಳ ಮೇಲೂ ಬೀಳುತ್ತವೆ.

ಹಾರ್ಮೋನುಗಳಿಂದ ಉಂಟಾಗುವ ಲಕ್ಷಣಗಳು

ಅತಿಯಾದ ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ವಾಂತಿ, ಮಂಪರು ಇವು ಒಟ್ಟಿಗೆ ಬಂದಾಗ ರಕ್ತದಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹೆಚ್ಚಾಗಿರಬಹುದು. ಬಾಯಿ ಮತ್ತು ಗಂಟಲು, ಅನ್ನನಾಳ, ಶ್ವಾಸಕೋಶ, ಸ್ತನ, ಮೂತ್ರಪಿಂಡ, ಗರ್ಭಕೋಶದ ಕೊರಳು ಇವುಗಳ ಕ್ಯಾನ್ಸರುಗಳಲ್ಲಿ ಇದು ಕಂಡುಬರುತ್ತದೆ. ಗಡ್ಡೆಯು ಬಿಡುವ ಒಂದು ರಸವು ಮೂಳೆಯಿಂದ ಸುಣ್ಣವನ್ನು ಕರಗಿಸಿ ರಕ್ತಕ್ಕೆ ಸೇರಿಸುತ್ತದೆ. ಈ ರಸವನ್ನು ವಿಜ್ಞಾನಿಗಳು 1987ರಲ್ಲಿ ಬೇರ್ಪಡಿಸಿ ಗುರುತಿಸಿದರು. ಬಾಯಾರಿಕೆ ಮತ್ತು ಮೂತ್ರ ಹೆಚ್ಚಾದೊಡನೆ ಸಕ್ಕರೆ ಕಾಯಿಲೆ ಎಂದು ಊಹಿಸುವುದು ಸಹಜ. ಬಹುಮಂದಿಯಲ್ಲಿ ಆ ಊಹೆಯೇ ನಿಜವಾಗಿರುತ್ತದೆ. ಆದರೆ ರಕ್ತದ ಸಕ್ಕರೆ ಸರಿಯಾಗಿದೆಯೆಂದು ವರದಿ ಬಂದ ಮೇಲೂ ಈ ತೊಂದರೆಗಳು ನಿಲ್ಲದಿದ್ದರೆ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿರಿ. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ದ್ರವ ಮತ್ತು ಔಷಧಗಳನ್ನು ಕೊಟ್ಟು ಇದನ್ನು ಕೆಲವೇ ದಿನಗಳಲ್ಲಿ ಇಳಿಸಲು ಸಾಧ್ಯವಿದೆ. ಅಲಕ್ಷಿಸಿದರೆ ಇದೊಂದೇ ಪ್ರಾಣಾಪಾಯವನ್ನು ತರಬಲ್ಲದು.

ಇನ್ನೊಂದು ಲಕ್ಷಣವು ಇದಕ್ಕೆ ವಿರುದ್ಧವಾದದ್ದು. ಶ್ವಾಸಕೋಶದಲ್ಲಿ ಸಣ್ಣ ಕಣದ ಕ್ಯಾನ್ಸರ್ ಎಂಬ ಒಂದು ಬಗೆಯಿದೆ. ಇದು ಬಹುಪಾಲು ಬೀಡಿ, ಸಿಗರೇಟು ಸೇದುವವರಿಗೆ ಬರುವ ರೋಗ. ಈ ಗಡ್ಡೆಯು ಮೂತ್ರವನ್ನು ತಡೆಯುವ ಹಾರ್ಮೋನನ್ನು ಉತ್ಪಾದಿಸಬಲ್ಲದು. ಆಗ ನೀರು ಶರೀರದಲ್ಲಿಯೇ ಉಳಿದು ರಕ್ತದ ಸೋಡಿಯಂ, ಅಂದರೆ ಉಪ್ಪಿನ ಅಂಶವು ತೆಳುವಾಗುತ್ತದೆ. ಶ್ವಾರ್ಟ್ಸ್ ಮತ್ತು ಬಾರ್ಟರ್ ಎಂಬ ಅಮೆರಿಕದ ವೈದ್ಯರು 1957ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದ ಇಬ್ಬರು ರೋಗಿಗಳಲ್ಲಿ ಇದನ್ನು ವಿವರಿಸಿದರು. ರಕ್ತದಲ್ಲಿ ಸೋಡಿಯಂ ಸಾಮಾನ್ಯವಾಗಿ 135ರಿಂದ 145ರ ಒಳಗಿರುತ್ತದೆ. ಅದು ಬಹಳ ಇಳಿದಾಗ ತಲೆನೋವು, ವಾಕರಿಕೆ, ಮರೆವು, ಅಸಂಬದ್ಧ ಮಾತು, ಕೊನೆಗೆ ಫಿಟ್ಸ್ ಬರಬಹುದು. ‘ಉಪ್ಪು ಕಡಿಮೆಯಾಗಿದೆ’ ಎಂಬ ಮಾತನ್ನು ಕೇಳಿ ಮನೆಯಲ್ಲಿಯೇ ಉಪ್ಪುನೀರನ್ನು ಕುಡಿಸುವುದು ಸರಿಯಲ್ಲ. ಇಲ್ಲಿ ತೊಂದರೆ ಇರುವುದು ಹೊರಹೋಗದ ನೀರಿನಲ್ಲಿ. ಆದುದರಿಂದ ನೀರನ್ನು ಎಷ್ಟು ಕುಡಿಯಬೇಕೆಂಬುದನ್ನು ಸಹ ವೈದ್ಯರೇ ನಿರ್ಧರಿಸಬೇಕು.

ಇದೇ ಬಗೆಯ ಗಡ್ಡೆಯು ಮತ್ತೊಂದು ಹಾರ್ಮೋನನ್ನು ಬಿಟ್ಟಾಗ ರಕ್ತದ ಒತ್ತಡವೂ ಸಕ್ಕರೆಯೂ ಕೆಲವೇ ವಾರಗಳಲ್ಲಿ ಒಟ್ಟಿಗೆ ಏರಿ, ಕೈಕಾಲುಗಳು ಶಕ್ತಿಗುಂದುತ್ತವೆ. ಪಿತ್ತಜನಕಾಂಗದ ಕೆಲವು ಕ್ಯಾನ್ಸರುಗಳಲ್ಲಿ ಸಕ್ಕರೆ ಅತಿಯಾಗಿ ಇಳಿಯುವುದುಂಟು. ಸಕ್ಕರೆ ಕಾಯಿಲೆಯ ಔಷಧವನ್ನು ಸೇವಿಸದವರು ಸಹ ಬೆಳಗಿನ ಜಾವ ಬೆವೆತು, ನಡುಗಿ, ಗೊಂದಲಕ್ಕೊಳಗಾಗಿ, ಏನಾದರೂ ತಿಂದೊಡನೆ ಸರಿಹೋದರೆ ಇದನ್ನು ವೈದ್ಯರ ಗಮನಕ್ಕೆ ತರಬೇಕು.

ನರ ಮತ್ತು ಸ್ನಾಯುಗಳ ಲಕ್ಷಣಗಳು

ಮಧ್ಯವಯಸ್ಸಿನ ರೈತನೊಬ್ಬನಿದ್ದಾನೆಂದು ಭಾವಿಸಿರಿ. ಇಪ್ಪತ್ತೈದು ವರ್ಷಗಳಿಂದ ಬೀಡಿ ಸೇದುವ ಅಭ್ಯಾಸವಿದೆ. ಈಚೆಗೆ ಕುಕ್ಕರಗಾಲಿನಲ್ಲಿ ಕುಳಿತರೆ ಏಳಲಾಗುವುದಿಲ್ಲ. ಬಸ್ಸಿನ ಮೆಟ್ಟಿಲನ್ನು ಹತ್ತಲು ಕಂಬಿಯನ್ನು ಹಿಡಿದು ಎಳೆದುಕೊಳ್ಳಬೇಕು. ಬಾಯಿ ಸದಾ ಒಣಗಿರುತ್ತದೆ. ಪತ್ನಿಯೊಡನೆ ದಾಂಪತ್ಯ ನಡೆಸುವ ಶಕ್ತಿಯೂ ಕುಂದಿದೆ. ನಾಚಿಕೆಯಿಂದ ಆತನು ಯಾರಿಗೂ ಹೇಳುವುದಿಲ್ಲ; ಸಂತೆಯಲ್ಲಿ ಮಾರುವ ಶಕ್ತಿವರ್ಧಕ ಲೇಹ್ಯವನ್ನು ತಂದು ತಿನ್ನುತ್ತಾನೆ.

ವಯಸ್ಸಿನ ದೌರ್ಬಲ್ಯವೆಂದು ತೋರುವ ಈ ನಾಲ್ಕೂ ಲಕ್ಷಣಗಳು ಒಂದೇ ರೋಗದ ಅಂಗಗಳಾಗಿರಬಹುದು. ಲ್ಯಾಂಬರ್ಟ್ ಮತ್ತು ಈಟನ್ ಎಂಬ ಅಮೆರಿಕದ ವೈದ್ಯರು ತಮ್ಮ ಸಹೋದ್ಯೋಗಿಯೊಡನೆ 1956ರಲ್ಲಿ ಇದನ್ನು ವರ್ಣಿಸಿದ್ದರಿಂದ ಇದಕ್ಕೆ ಅವರ ಹೆಸರೇ ಬಂದಿದೆ. ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಬರುವ ಸೂಕ್ಷ್ಮವಾದ ಬಾಗಿಲುಗಳಿವೆ. ಅವು ತೆರೆದಾಗಲೇ ನರದ ಆಜ್ಞೆ ಸ್ನಾಯುವನ್ನು ತಲುಪುವುದು. ಶ್ವಾಸಕೋಶದ ಸಣ್ಣ ಕಣದ ಕ್ಯಾನ್ಸರಿನಲ್ಲಿಯೂ ಅಂತಹವೇ ಬಾಗಿಲುಗಳಿರುವುದರಿಂದ, ಗಡ್ಡೆಯ ವಿರುದ್ಧ ಹುಟ್ಟಿದ ಪ್ರತಿಕಾಯಗಳು ನರದ ಬಾಗಿಲುಗಳನ್ನೂ ಕೆಡಿಸುತ್ತವೆ. ಈ ರೋಗವಿರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಳಗೆ ಇಂತಹ ಕ್ಯಾನ್ಸರ್ ಇರುತ್ತದೆ. ಗಡ್ಡೆಗೆ ಚಿಕಿತ್ಸೆಯಾದಾಗ ಅನೇಕರಲ್ಲಿ ಸ್ನಾಯುಗಳ ಶಕ್ತಿ ಮರಳುತ್ತದೆ. ಈ ದೌರ್ಬಲ್ಯ ಕಾಣಿಸಿಕೊಂಡ ಶ್ವಾಸಕೋಶ ಕ್ಯಾನ್ಸರ್ ರೋಗಿಗಳು, ಅದು ಕಾಣಿಸದವರಿಗಿಂತ ಹೆಚ್ಚು ಕಾಲ ಬದುಕುವುದನ್ನು ವೈದ್ಯರು ಗಮನಿಸಿದ್ದಾರೆಂಬುದು ಭರವಸೆಯನ್ನು ಕೊಡುವ ಸಂಗತಿ. ಆದುದರಿಂದ ನಾಚಿಕೆಯನ್ನು ಬದಿಗಿಟ್ಟು ವೈದ್ಯರಲ್ಲಿ ಎಲ್ಲವನ್ನೂ ಹೇಳುವುದರಿಂದ ಪ್ರಾಣವೇ ಉಳಿಯಬಹುದು.

ಮತ್ತೊಂದು ಲಕ್ಷಣವು ಹೆಚ್ಚಾಗಿ ಮಹಿಳೆಯರಲ್ಲಿ ಕಂಡುಬರುತ್ತದೆ. ಕೆಲವೇ ವಾರಗಳಲ್ಲಿ ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಕೈಯಲ್ಲಿ ಹಿಡಿದ ನೀರಿನ ಚೊಂಬು ಅಲುಗಾಡಿ ಚೆಲ್ಲುತ್ತದೆ. ನೋಡಿದವರು ಅಪಾರ್ಥ ಮಾಡಿಕೊಂಡು ಕುಡಿದವರೆಂದು ಆಡಿಕೊಳ್ಳುವುದೂ ಉಂಟು. ಅಂಡಾಶಯದ ಅಥವಾ ಸ್ತನದ ಕ್ಯಾನ್ಸರ್ ಇದ್ದಾಗ ಶರೀರದ ರಕ್ಷಣಾ ವ್ಯವಸ್ಥೆಯು ಕಿರುಮೆದುಳಿಗೆ ಹಾನಿ ಮಾಡುವುದರಿಂದ ಹೀಗಾಗಬಹುದು. ಅಲ್ಲಿ ಒಮ್ಮೆ ನಾಶವಾದ ಜೀವಕಣಗಳು ಮತ್ತೆ ಹುಟ್ಟುವುದಿಲ್ಲ. ಆದುದರಿಂದ ಇಲ್ಲಿ ಒಂದೊಂದು ವಾರವೂ ಅಮೂಲ್ಯ.

ಕಣ್ಣಿನ ರೆಪ್ಪೆ ಸಂಜೆಯ ಹೊತ್ತಿಗೆ ಜೋತುಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು, ಊಟದ ಕೊನೆಯಲ್ಲಿ ಅಗಿಯಲು ಆಯಾಸವಾಗುವುದು ಮಯಸ್ತೀನಿಯಾ ಎಂಬ ರೋಗದ ಚಿಹ್ನೆಗಳು. ಈ ರೋಗವಿರುವ ನೂರು ಮಂದಿಯಲ್ಲಿ ಹತ್ತರಿಂದ ಹದಿನೈದು ಮಂದಿಗೆ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇರುತ್ತದೆ. ಎದೆಯ ಸ್ಕ್ಯಾನ್ ಮಾಡಿಸಿದರೆ ಇದು ತಿಳಿಯುತ್ತದೆ.

ಮನಸ್ಸಿನ ಕಾಯಿಲೆಯಂತೆ ತೋರುವ ಒಂದು ಸ್ಥಿತಿ

ತರುಣಿಯಾದ ಸೊಸೆಯೊಬ್ಬಳಿಗೆ ಮೊದಲು ಕೆಲವು ದಿನ ಜ್ವರ, ತಲೆನೋವು. ಅನಂತರ ನಿದ್ರೆಯಿಲ್ಲ, ಕಾರಣವಿಲ್ಲದೆ ಭಯಪಡುತ್ತಾಳೆ, ಸಂಬಂಧವಿಲ್ಲದೆ ಮಾತನಾಡುತ್ತಾಳೆ, ಮನೆಯವರನ್ನೇ ಶಂಕಿಸುತ್ತಾಳೆ. ಮುಂದೆ ಫಿಟ್ಸ್ ಬರುತ್ತದೆ. ಬಾಯಿ ಮತ್ತು ಮುಖ ತಾವಾಗಿಯೇ ಚಲಿಸುತ್ತವೆ. ಕೊನೆಗೆ ಮಾತು ನಿಂತು ಶೂನ್ಯದೃಷ್ಟಿಯಿಂದ ನೋಡುತ್ತಿರುತ್ತಾಳೆ. ಗಾಳಿ ಸೋಕಿದೆ, ಮೈಮೇಲೆ ಬಂದಿದೆ ಎಂದು ಹಿರಿಯರು ಹೇಳುತ್ತಾರೆ. ತವರುಮನೆಯವರಿಗೂ ಅತ್ತೆಮನೆಯವರಿಗೂ ಮನಸ್ತಾಪ ಬೆಳೆಯುತ್ತದೆ. ಹುಚ್ಚು ಇರುವುದನ್ನು ಮುಚ್ಚಿಟ್ಟು ಮದುವೆ ಮಾಡಿದರೆಂಬ ಮಾತೂ ಬರಬಹುದು.

ಇಂತಹ ಸ್ಥಿತಿಯು ಮೆದುಳಿನ ಉರಿಯೂತದಿಂದ ಬರಬಹುದೆಂಬುದು ಈಗ ತಿಳಿದಿದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡಾ. ಜೋಸೆಪ್ ದಾಲ್ಮೌ ಮತ್ತು ಅವರ ಸಂಗಡಿಗರು 2007ರಲ್ಲಿ 12 ಮಂದಿ ಮಹಿಳೆಯರಲ್ಲಿ ಇದರ ಕಾರಣವನ್ನು ಕಂಡುಹಿಡಿದರು. ಅಂಡಾಶಯದಲ್ಲಿ ಬೆಳೆಯುವ ಟೆರಟೋಮ ಎಂಬ ಗಡ್ಡೆಯೊಳಗೆ ನರದ ಅಂಶವೂ ಇರಬಹುದು. ಅದರ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಮೆದುಳಿಗೆ ತೊಂದರೆ ಕೊಡುತ್ತವೆ. ಈ ಗಡ್ಡೆಯು ಬಹುತೇಕ ಕ್ಯಾನ್ಸರ್ ಆಗಿರುವುದಿಲ್ಲ. ಈ ಕಾಯಿಲೆ ಬಂದವರೆಲ್ಲರಲ್ಲಿಯೂ ಗಡ್ಡೆ ಇರುವುದಿಲ್ಲವೆಂಬುದನ್ನೂ, ಪುರುಷರಿಗೂ ಮಕ್ಕಳಿಗೂ ಇದು ಬರಬಹುದೆಂಬುದನ್ನೂ ನೆನಪಿನಲ್ಲಿಡಬೇಕು. 577 ರೋಗಿಗಳನ್ನು ಕುರಿತು 2013ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಎರಡು ವರ್ಷಗಳ ಅನಂತರ ಪರಿಶೀಲಿಸಿದವರಲ್ಲಿ ನೂರಕ್ಕೆ ಸುಮಾರು 80 ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ಬೇಗನೆ ಚಿಕಿತ್ಸೆ ಪಡೆದವರಿಗೆ ಗುಣವೂ ಹೆಚ್ಚಾಗಿ ದೊರೆಯಿತು.

ಗಡ್ಡೆಯನ್ನು ತೆಗೆಸಿದರೆ ಮಕ್ಕಳಾಗುವುದಿಲ್ಲವೆಂಬ ಅಂಜಿಕೆಯಿಂದ ಶಸ್ತ್ರಚಿಕಿತ್ಸೆಗೆ ಹಿಂಜರಿಯಬೇಡಿರಿ. ಸಾಧ್ಯವಾದಲ್ಲಿ ವೈದ್ಯರು ಗಡ್ಡೆಯನ್ನು ಮಾತ್ರ ತೆಗೆದು ಅಂಡಾಶಯವನ್ನು ಉಳಿಸುತ್ತಾರೆ. ಒಂದು ಅಂಡಾಶಯವನ್ನು ತೆಗೆಯಬೇಕಾಗಿ ಬಂದರೂ ಇನ್ನೊಂದು ಆರೋಗ್ಯವಾಗಿದ್ದರೆ ಗರ್ಭಧರಿಸಲು ಸಾಧ್ಯವಿದೆ. ದೇವರಿಗೆ ಹರಕೆ ಹೊರುವುದು ನಿಮ್ಮ ನಂಬಿಕೆಗೆ ಸೇರಿದ ವಿಷಯ. ಆದರೆ ಅದಕ್ಕಾಗಿ ಆಸ್ಪತ್ರೆಗೆ ಹೋಗುವುದನ್ನು ಒಂದು ದಿನವೂ ಮುಂದಕ್ಕೆ ಹಾಕಬಾರದು. ಹೊಡೆಯುವುದು, ಕಟ್ಟಿಹಾಕುವುದು, ಹೊಗೆ ಹಾಕುವುದು ಎಂದೆಂದಿಗೂ ಸಲ್ಲದು. ಮಾನಸಿಕ ರೋಗಕ್ಕೂ ನರರೋಗಕ್ಕೂ ಒಂದೇ ಕಡೆ ಚಿಕಿತ್ಸೆ ನೀಡುವ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಂತಹ ಕಡೆಗಳಿಗೆ ಜಿಲ್ಲಾ ಆಸ್ಪತ್ರೆಯ ವೈದ್ಯರ ಸಲಹೆಯ ಮೇರೆಗೆ ಕರೆದೊಯ್ಯಬಹುದು.

ಚರ್ಮ, ಬೆರಳು ಮತ್ತು ರಕ್ತನಾಳಗಳಲ್ಲಿ ಕಾಣುವ ಲಕ್ಷಣಗಳು

ಕಣ್ಣಿನ ರೆಪ್ಪೆಗಳ ಮೇಲೆ ನೇರಳೆ ಛಾಯೆ, ಬೆರಳ ಗೆಣ್ಣುಗಳ ಮೇಲೆ ಒರಟಾದ ಗುಳ್ಳೆಗಳು, ಅದರೊಡನೆ ತಲೆ ಬಾಚಲು ತೋಳನ್ನು ಎತ್ತಲಾರದಷ್ಟು ದೌರ್ಬಲ್ಯ, ಇವು ಸೇರಿ ಬಂದರೆ ಡರ್ಮಟೋಮಯೋಸೈಟಿಸ್ ಎಂಬ ರೋಗವಿರಬಹುದು. ನಮ್ಮ ಕಪ್ಪು ಮೈಬಣ್ಣದಲ್ಲಿ ಆ ನೇರಳೆಯು ಬರಿಯ ಕಪ್ಪಾಗಿ ತೋರಬಹುದು. ಈ ರೋಗ ಬಂದ ವಯಸ್ಕರಲ್ಲಿ ಸುಮಾರು ನಾಲ್ಕೈದು ಮಂದಿಗೆ ಒಬ್ಬರಂತೆ ಅಂಡಾಶಯ, ಶ್ವಾಸಕೋಶ, ಸ್ತನ, ಜಠರ ಮೊದಲಾದೆಡೆ ಕ್ಯಾನ್ಸರ್ ಕಂಡುಬರುತ್ತದೆ. ಆದುದರಿಂದ ಚರ್ಮಕ್ಕೆ ಮುಲಾಮು ಹಚ್ಚಿ ಸುಮ್ಮನಾಗಬಾರದು.

ಕತ್ತಿನ ಹಿಂಭಾಗ ಮತ್ತು ಕಂಕುಳಿನ ಚರ್ಮವು ಕಪ್ಪಾಗಿ ಮಖಮಲ್ಲಿನಂತಾಗುವುದನ್ನು ನೀವು ಅನೇಕರಲ್ಲಿ ನೋಡಿರಬಹುದು. ಇದು ಬಹುತೇಕ ಸ್ಥೂಲಕಾಯದವರಲ್ಲಿ ಹಾಗೂ ಸಕ್ಕರೆ ಕಾಯಿಲೆಯ ಹಾದಿಯಲ್ಲಿರುವವರಲ್ಲಿ ಬರುವಂತಹದು, ಕ್ಯಾನ್ಸರಿಗೆ ಸಂಬಂಧಿಸಿದ್ದಲ್ಲ. ಆದರೆ ವಯಸ್ಸಾದವರಲ್ಲಿ ಇದು ಥಟ್ಟನೆ ಕಾಣಿಸಿಕೊಂಡು ಬೇಗನೆ ಹರಡಿ, ಊಟ ಸೇರದೆ ತೂಕ ಇಳಿಯುತ್ತಿದ್ದರೆ, ಅಂಗೈ ಚರ್ಮವು ಅಡುಗೆಗೆ ತರುವ ಬೋಟಿಯ ಮೇಲ್ಮೈಯಂತೆ ದಪ್ಪನಾಗಿ ಸುಕ್ಕುಗಟ್ಟಿದ್ದರೆ, ಜಠರದ ಪರೀಕ್ಷೆ ಅಗತ್ಯ.

ಬೆರಳ ತುದಿಗಳು ಉಬ್ಬಿ ಉಗುರು ಗಿಳಿಯ ಕೊಕ್ಕಿನಂತೆ ಬಾಗುವುದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ದಕ್ಷಿಣ ಆಫ್ರಿಕದ ಹೃದಯತಜ್ಞ ಶಾಮ್ರಾತ್ ಅವರು 1976ರಲ್ಲಿ ಇದಕ್ಕೊಂದು ಸರಳ ವಿಧಾನವನ್ನು ತಿಳಿಸಿದರು. ಎರಡೂ ಕೈಗಳ ಒಂದೇ ಬೆರಳನ್ನು ಉಗುರಿಗೆ ಉಗುರು ತಾಗುವಂತೆ ಬೆನ್ನು ಸೇರಿಸಿ ಹಿಡಿಯಿರಿ. ಸಾಮಾನ್ಯವಾಗಿ ಉಗುರುಗಳ ಬುಡದಲ್ಲಿ ವಜ್ರಾಕೃತಿಯ ಸಣ್ಣ ಕಿಂಡಿ ಕಾಣುತ್ತದೆ. ಆ ಕಿಂಡಿ ಮುಚ್ಚಿಹೋಗಿದ್ದರೆ ಬೆರಳು ಉಬ್ಬಿದೆಯೆಂದು ಅರ್ಥ. ಹಳೆಯ ಶ್ವಾಸಕೋಶದ ಸೋಂಕು, ಹೃದಯದ ದೋಷ, ಪಿತ್ತಜನಕಾಂಗದ ರೋಗ ಇವುಗಳಿಂದಲೂ ಹೀಗಾಗುತ್ತದೆ. ಕೆಲವರಿಗೆ ವಂಶದಿಂದಲೇ ಇರುತ್ತದೆ. ಆದರೆ ಧೂಮಪಾನಿಗೆ ಇದು ಹೊಸದಾಗಿ ಬಂದು, ಮಣಿಕಟ್ಟು ಮತ್ತು ಹರಡುಗಳಲ್ಲಿ ನೋವು ಊತಗಳೂ ಸೇರಿದ್ದರೆ ಅದನ್ನು ಕೀಲುವಾತವೆಂದು ತಳ್ಳಿಹಾಕದೆ ಎದೆಯ ಎಕ್ಸ್‌ರೇ ತೆಗೆಸಬೇಕು.

ಕೊನೆಯದಾಗಿ ರಕ್ತನಾಳಗಳ ವಿಷಯ. ಪ್ಯಾರಿಸ್ಸಿನ ಓತೆಲ್‌ದ್ಯೂ ಆಸ್ಪತ್ರೆಯ ಪ್ರಸಿದ್ಧ ವೈದ್ಯ ಅರ್ಮಾಂ ತ್ರೂಸೋ ಅವರು, ಕಾರಣವಿಲ್ಲದೆ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಒಳಗಿನ ಕ್ಯಾನ್ಸರಿನ ಸೂಚನೆಯಾಗಿರಬಹುದೆಂದು 1865ರಲ್ಲಿ ಬೋಧಿಸಿದರು. 1867ರ ಆರಂಭದಲ್ಲಿ ಅವರ ತೋಳಿನ ರಕ್ತನಾಳದಲ್ಲಿಯೇ ಅದು ಕಾಣಿಸಿಕೊಂಡಿತು. ಅದರ ಅರ್ಥವು ಅವರಿಗೆ ಚೆನ್ನಾಗಿ ತಿಳಿದಿತ್ತು. ಅದೇ ವರ್ಷ ಹೊಟ್ಟೆಯ ಕ್ಯಾನ್ಸರಿನಿಂದ ಅವರು ತೀರಿಕೊಂಡರು. ಅಂದು ಸ್ಕ್ಯಾನ್ ಇರಲಿಲ್ಲ, ಹೆಪ್ಪನ್ನು ತಡೆಯುವ ಔಷಧವಿರಲಿಲ್ಲ. ಇಂದು ಇವೆರಡೂ ಇವೆ. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ನೋಯುವುದು, ಇಲ್ಲವೆ ಹೆಪ್ಪುಗಟ್ಟುವಿಕೆ ಒಂದೆಡೆ ಇಳಿದು ಮತ್ತೊಂದೆಡೆ ಬರುವುದು ಕಂಡರೆ ಆ ಕಾಲನ್ನು ತಿಕ್ಕಬೇಡಿರಿ, ಎಣ್ಣೆ ನೀವಬೇಡಿರಿ. ಹೆಪ್ಪು ಜಾರಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೆ ಅಪಾಯ. ಅದೇ ದಿನ ಆಸ್ಪತ್ರೆಗೆ ಹೋಗಿರಿ. ಹೆರಿಗೆಯ ಅನಂತರವೂ, ಬಹುಕಾಲ ಮಲಗಿದ್ದ ಮೇಲೂ ಹೆಪ್ಪುಗಟ್ಟುವುದುಂಟು. ಚಿಕಿತ್ಸೆ ಆಗಲೂ ಅಷ್ಟೇ ಜರೂರು.

ಅನಗತ್ಯವಾಗಿ ಭಯಪಡಬೇಡಿರಿ

ಇದನ್ನು ಓದಿ ಬಾಯಾರಿಕೆಯಾದವರೆಲ್ಲರೂ, ಕಾಲು ನೋಯುವವರೆಲ್ಲರೂ ತಮಗೆ ಕ್ಯಾನ್ಸರ್ ಬಂದಿತೆಂದು ಚಿಂತಿಸಬೇಕಾಗಿಲ್ಲ. ಇಂತಹ ತೊಂದರೆಗಳಿಗೆ ಬಹುಪಾಲು ಸಾಮಾನ್ಯ ಕಾರಣಗಳೇ ಇರುತ್ತವೆ: ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ದೋಷ, ಕ್ಷಯ, ಪೌಷ್ಟಿಕಾಂಶಗಳ ಕೊರತೆ. ಹಾಗಾದರೆ ಯಾವಾಗ ಎಚ್ಚರಗೊಳ್ಳಬೇಕು? ಲಕ್ಷಣವು ಹೊಸದಾಗಿ ಬಂದು ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ. ಸಾಮಾನ್ಯ ಚಿಕಿತ್ಸೆಗೆ ಬಗ್ಗದಿದ್ದರೆ. ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಎರಡು ಮೂರು ತೊಂದರೆಗಳು ಒಟ್ಟಿಗೆ ಬಂದಿದ್ದರೆ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ. ರೋಗಿಯು ಬೀಡಿ, ಸಿಗರೇಟು, ಹೊಗೆಸೊಪ್ಪು ಬಳಸುವವರಾಗಿದ್ದರೆ ಎಚ್ಚರಗೊಳ್ಳಬೇಕು. ಆದರೆ ಫಿಟ್ಸ್, ಪ್ರಜ್ಞೆ ತಪ್ಪುವುದು, ಉಸಿರಾಟದ ತೊಂದರೆ, ಇದ್ದಕ್ಕಿದ್ದಂತೆ ನಡತೆ ಬದಲಾಗುವುದು ಇವುಗಳಿಗೆ ಒಂದು ದಿನವೂ ಕಾಯಬಾರದು.

ದಂಪತಿಗಳು ಮಾಡಬೇಕಾದುದೇನು?

ಮೊದಲನೆಯದಾಗಿ, ಒಬ್ಬರನ್ನೊಬ್ಬರು ಗಮನಿಸಬೇಕು. ಪತಿಯು ಕುಳಿತಲ್ಲಿಂದ ಏಳಲು ನೆಲಕ್ಕೆ ಕೈಯೂರುತ್ತಿರುವುದನ್ನು ಮೊದಲು ಕಾಣುವವಳು ಪತ್ನಿ. ಪತ್ನಿಯು ನೀರು ಸೇದಲಾರದೆ ಬಿಂದಿಗೆಯನ್ನು ಅರ್ಧಕ್ಕೆ ಇಳಿಸುತ್ತಿರುವುದನ್ನು ಪತಿಯು ಗಮನಿಸಬೇಕು. ಮಹಿಳೆಯರು ತಮ್ಮ ಆಯಾಸವನ್ನು ಹೇಳಿಕೊಳ್ಳುವುದು ಕಡಿಮೆ. ಕೇಳುವುದು ಪತಿಯ ಕರ್ತವ್ಯ.

ಎರಡನೆಯದಾಗಿ, ವೈದ್ಯರಲ್ಲಿಗೆ ಇಬ್ಬರೂ ಹೋಗಬೇಕು. ಕಾಲುನೋವಿಗೆ ಒಬ್ಬ ವೈದ್ಯರು, ಬಾಯಾರಿಕೆಗೆ ಇನ್ನೊಬ್ಬರು ಎಂದು ಹಂಚಿ ಹೇಳಿದರೆ ಯಾರಿಗೂ ಪೂರ್ಣ ಚಿತ್ರ ದೊರೆಯದು. ಲಕ್ಷಣಗಳು ಯಾವ ಹಬ್ಬದ ಸುಮಾರಿಗೆ, ಯಾವ ಬೆಳೆಯ ಕಾಲಕ್ಕೆ ಆರಂಭವಾದವು, ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಒಂದು ಚೀಟಿಯಲ್ಲಿ ಮಕ್ಕಳಿಂದ ಬರೆಯಿಸಿ ಒಯ್ಯಿರಿ. ಬೀಡಿ, ಕಡ್ಡಿಪುಡಿಗಳ ಅಭ್ಯಾಸವನ್ನೂ, ದಾಂಪತ್ಯದ ತೊಂದರೆಯನ್ನೂ, ಸೇವಿಸಿದ ನಾಟಿ ಔಷಧಗಳನ್ನೂ ಮರೆಮಾಚಬೇಡಿರಿ.

ಮೂರನೆಯದಾಗಿ, ಹಳೆಯ ವರದಿ, ಎಕ್ಸ್‌ರೇ ಮತ್ತು ಔಷಧದ ಚೀಟಿಗಳನ್ನು ಒಂದು ಚೀಲದಲ್ಲಿ ಜೋಪಾನವಾಗಿ ಇಡಬೇಕು. ಮೊದಲ ಪರೀಕ್ಷೆಯಲ್ಲಿ ಗಡ್ಡೆಯು ಕಾಣದೆ ಹೋಗಬಹುದು. ಕೆಲವು ನರದ ಲಕ್ಷಣಗಳಲ್ಲಿ ಎರಡು ವರ್ಷಗಳವರೆಗೆ ಕೆಲವು ತಿಂಗಳಿಗೊಮ್ಮೆ ಮರುಪರೀಕ್ಷೆ ಮಾಡಿಸಬೇಕೆಂದು ವೈದ್ಯರು ಹೇಳುವರು. ಒಮ್ಮೆ ‘ಏನೂ ಇಲ್ಲ’ ಎಂದರೆಂದು ಮುಂದಿನ ಸಲ ಹೋಗದಿರುವುದು ತಪ್ಪು.

ನಾಲ್ಕನೆಯದಾಗಿ, ರೋಗದ ಹೆಸರನ್ನು ಜೀವನಸಂಗಾತಿಯಿಂದ ಮುಚ್ಚಿಡಬಾರದು. ಶಸ್ತ್ರಚಿಕಿತ್ಸೆ, ಔಷಧ, ಹಣ, ಮಕ್ಕಳ ಭವಿಷ್ಯ ಎಲ್ಲವನ್ನೂ ಇಬ್ಬರೂ ಕುಳಿತು ನಿರ್ಧರಿಸಬೇಕಾದಾಗ, ಒಬ್ಬರನ್ನು ಕತ್ತಲೆಯಲ್ಲಿ ಇಟ್ಟರೆ ಆ ನಿರ್ಧಾರಕ್ಕೆ ಬಲವಿರುವುದಿಲ್ಲ. ಕ್ಯಾನ್ಸರ್ ಅಂಟುರೋಗವಲ್ಲ. ರೋಗಿಯೊಡನೆ ಊಟ ಮಾಡುವುದಕ್ಕೂ ಮಲಗುವುದಕ್ಕೂ ಹೆದರಬೇಕಾಗಿಲ್ಲ.

ಚಿಕಿತ್ಸೆ ಮತ್ತು ಸಹಾಯ

ಇಲ್ಲಿ ಚಿಕಿತ್ಸೆಯು ಎರಡು ಬಗೆಯದು. ಕೆಟ್ಟ ಲಕ್ಷಣವನ್ನು ಕೂಡಲೇ ಹತೋಟಿಗೆ ತರುವುದು ಒಂದು. ಕ್ಯಾಲ್ಸಿಯಂ ಇಳಿಸುವುದು, ಸೋಡಿಯಂ ಸರಿಪಡಿಸುವುದು, ಹೆಪ್ಪು ತಡೆಯುವುದು, ತಪ್ಪುದಾರಿ ಹಿಡಿದ ರೋಗನಿರೋಧಕ ಶಕ್ತಿಯನ್ನು ಔಷಧಗಳಿಂದ ತಗ್ಗಿಸುವುದು ಇದಕ್ಕೆ ಸೇರಿವೆ. ಮೂಲ ಗಡ್ಡೆಗೆ ಶಸ್ತ್ರಚಿಕಿತ್ಸೆ, ವಿಕಿರಣ ಅಥವಾ ಔಷಧಗಳಿಂದ ಚಿಕಿತ್ಸೆ ಮಾಡುವುದು ಇನ್ನೊಂದು. ತೂಬನ್ನು ಮುಚ್ಚದೆ ಗದ್ದೆಯ ನೀರನ್ನು ಎಷ್ಟು ಬಸಿದರೂ ಪ್ರಯೋಜನವಿಲ್ಲ. ಆದುದರಿಂದ ಲಕ್ಷಣವು ಇಳಿಯಿತೆಂದು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು.

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಆಶಾ ಕಾರ್ಯಕರ್ತೆಯ ನೆರವನ್ನು ಪಡೆಯಿರಿ. ಅಲ್ಲಿಂದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೂ, ಅಗತ್ಯವಿದ್ದಲ್ಲಿ 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಗಳಿಗೂ ಚೀಟಿ ಬರೆದುಕೊಡುತ್ತಾರೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವು ಇದೆ. ಹೊಲವನ್ನು ಅಡವಿಡುವ ಮೊದಲು ಈ ಬಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಪಡಿತರ ಚೀಟಿ ಮತ್ತು ಆಧಾರ್ ಕಾರ್ಡನ್ನು ಜೊತೆಗೆ ಒಯ್ಯಿರಿ.

ರೋಗ ಬಾರದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಮೇಲೆ ಹೇಳಿದ ಲಕ್ಷಣಗಳಲ್ಲಿ ಅನೇಕವು ಶ್ವಾಸಕೋಶ, ಬಾಯಿ, ಅನ್ನನಾಳಗಳ ಕ್ಯಾನ್ಸರಿಗೆ ಸೇರಿದವು. ಇವುಗಳ ಮುಖ್ಯ ಕಾರಣಗಳಲ್ಲಿ ತಂಬಾಕು ಸೇರಿದೆ. ಬೀಡಿಯನ್ನೂ, ಎಲೆಅಡಿಕೆಯೊಡನೆ ಹಾಕುವ ಹೊಗೆಸೊಪ್ಪನ್ನೂ ಇಂದೇ ಬಿಡಿರಿ. ಮೂವತ್ತು ವರ್ಷ ದಾಟಿದವರು ಬಾಯಿ, ಸ್ತನ ಮತ್ತು ಗರ್ಭಕೋಶದ ಕೊರಳಿನ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಾಡಿಸಿಕೊಳ್ಳಿರಿ.

ಶರೀರವು ಕಷ್ಟದಲ್ಲಿದ್ದಾಗ ಯಾವುದಾದರೊಂದು ರೀತಿಯಲ್ಲಿ ಸೂಚನೆ ಕೊಡುತ್ತದೆ. ಆ ಸೂಚನೆಯು ರೋಗವಿರುವ ಕಡೆಯಿಂದಲೇ ಬರಬೇಕೆಂದಿಲ್ಲ. ನಿಮ್ಮ ಸಂಗಾತಿಯಲ್ಲಿ ಅರ್ಥವಾಗದ ಬದಲಾವಣೆ ಕಂಡಾಗ ಗದರಿಸದೆ, ಹಾಸ್ಯ ಮಾಡದೆ, ಕಾಲಹರಣ ಮಾಡದೆ ವೈದ್ಯರಲ್ಲಿಗೆ ಜೊತೆಯಾಗಿ ನಡೆಯಿರಿ. ಸಕಾಲದಲ್ಲಿ ನಡೆದ ಆ ನಾಲ್ಕು ಹೆಜ್ಜೆಗಳಿಂದ ಒಂದು ಕುಟುಂಬವೇ ಉಳಿಯಬಹುದು.